ಆಸನ ಮಿತಿ ತೆರವಾಯಿತು, ಗಿರಾಕಿ ಬರಲಿಲ್ಲ
ಕೋವಿಡ್ ನಿರ್ಬಂಧಗಳ ಪರಾಮರ್ಶೆ ಮತ್ತು ಬೆಂಗಳೂರು ಹೊರವಲಯದ ಹೋಟೆಲ್ ಉದ್ಯಮ

2022ರ ಜನವರಿ 29ರಂದು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ನಡೆಸಿದ ಪರಾಮರ್ಶೆ ಸಭೆಯ ತರುವಾಯ ರಾಜ್ಯ ಸರ್ಕಾರವು ರಾತ್ರಿ ಕರ್ಫ್ಯೂವನ್ನು ಹಿಂತೆಗೆದುಕೊಂಡಿತು. ಹೋಟೆಲ್, ರೆಸ್ಟೋರೆಂಟ್, ಬಾರ್ ಮತ್ತು ಪಬ್‌ಗಳ ಮೇಲಿದ್ದ ಶೇ. 50ರ ಆಸನ ಮಿತಿಯೂ ಜನವರಿ 31ರ ಸೋಮವಾರದಿಂದ ತೆರವಾಯಿತು. ಹೋಟೆಲ್ ಮಾಲೀಕರ ಸಂಘಗಳು ಒತ್ತಾಯಿಸುತ್ತಿದ್ದುದೂ ಇದನ್ನೇ. ಆದರೆ ಒಂದೇ ಆದೇಶದಿಂದ ಪೀಣ್ಯದ ದರ್ಶಿನಿಗೆ ದೊರೆತ ಪ್ರಯೋಜನ ವೈಟ್‌ಫೀಲ್ಡಿನ ಊಟದ ಹೋಟೆಲಿಗೆ ದೊರೆಯಲಿಲ್ಲ. ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ನಿರ್ಬಂಧಗಳನ್ನು ಯಾವ ಅಳತೆಗೋಲಿನಿಂದ ಪರಾಮರ್ಶಿಸಲಾಗುತ್ತಿತ್ತು ಎಂಬುದನ್ನು ಮೊದಲು ಗಮನಿಸಬೇಕು.

ಪರಾಮರ್ಶೆಯ ಅಳತೆಗೋಲು

ನಿರ್ಬಂಧದ ಆದೇಶಗಳು ವಿಪತ್ತು ನಿರ್ವಹಣಾ ಅಧಿನಿಯಮ, 2005ರ ಅಡಿಯಲ್ಲಿ, ರಾಜ್ಯ ಕಾರ್ಯಕಾರಿ ಸಮಿತಿಯ ಅಧ್ಯಕ್ಷರಾದ ಮುಖ್ಯ ಕಾರ್ಯದರ್ಶಿಗಳ ಸಹಿಯೊಂದಿಗೆ ಹೊರಬೀಳುತ್ತಿದ್ದವು. ಡಾ. ಎಂ.ಕೆ. ಸುದರ್ಶನ್ ಅವರ ನೇತೃತ್ವದ ತಾಂತ್ರಿಕ ಸಲಹಾ ಸಮಿತಿಯು ವೈದ್ಯಕೀಯ ಅಂಶಗಳ ಬಗ್ಗೆ ಸಲಹೆ ನೀಡುತ್ತಿತ್ತು. 2021ರ ಜೂನ್ 21ರಿಂದ ಜಾರಿಗೆ ಬಂದ ಸಡಿಲಿಕೆಗೆ ಸೋಂಕು ದೃಢಪಟ್ಟ ಪ್ರಮಾಣವು ಆಧಾರವಾಗಿತ್ತು. ಅದು ಶೇ. 5ಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಲ್ಲಿ ಮಾತ್ರ ಸಂಜೆ 5 ಗಂಟೆಯವರೆಗೆ, ಅರ್ಧ ಆಸನಗಳೊಂದಿಗೆ, ಮದ್ಯ ಸರಬರಾಜಿಲ್ಲದೆ ಕುಳಿತು ತಿನ್ನಲು ಅವಕಾಶವಾಯಿತು. 2022ರ ಜನವರಿ 21ರಂದು ವಾರಾಂತ್ಯ ಕರ್ಫ್ಯೂ ರದ್ದಾದಾಗ ಆಧಾರವಾದದ್ದು ಆಸ್ಪತ್ರೆಗೆ ದಾಖಲಾಗುವವರ ಪ್ರಮಾಣ.

ರೋಗ ನಿಯಂತ್ರಣದ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ. ಆಸ್ಪತ್ರೆಯ ಹಾಸಿಗೆಗಳನ್ನು ಎಣಿಸದೆ ಹೋಟೆಲಿನ ಕುರ್ಚಿಗಳನ್ನು ಎಣಿಸಿ ಎಂದು ಯಾರೂ ಕೇಳಲಾಗದು. ಆದರೆ ಯಾವ ನಿರ್ಬಂಧವು ಯಾವ ಉದ್ಯಮಕ್ಕೆ ಎಷ್ಟು ಭಾರವಾಗುತ್ತದೆಂಬ ಲೆಕ್ಕ ಈ ಪರಾಮರ್ಶೆಯಲ್ಲಿ ಎಲ್ಲಿಯೂ ಕಾಣಲಿಲ್ಲ.

ವೇಳೆ, ಆಸನ, ದಿನ

ನಿರ್ಬಂಧಗಳು ಮೂರು ಬಗೆಯವು: ಬಾಗಿಲು ಮುಚ್ಚುವ ವೇಳೆಯ ಮಿತಿ, ಆಸನಗಳ ಮಿತಿ, ವಾರಾಂತ್ಯದ ದಿನಗಳ ಮಿತಿ. ಪೀಣ್ಯದಲ್ಲಿ ಹೆಚ್ಚು ಕಾಡಿದ್ದು ಮೊದಲನೆಯದು. 2021ರ ಏಪ್ರಿಲ್ 10ರಿಂದ ಬೆಂಗಳೂರಿನಲ್ಲಿ ರಾತ್ರಿ 10ರಿಂದ ಬೆಳಗಿನ 5ರವರೆಗೆ ಕರ್ಫ್ಯೂ ಜಾರಿಯಾದಾಗ, ರಾತ್ರಿ ಪಾಳಿ ನಡೆಸುವ ಕಾರ್ಖಾನೆಗಳಿಗೆ ವಿನಾಯಿತಿ ಇತ್ತು. ಯಂತ್ರ ಓಡುತ್ತಿತ್ತು, ಕಾರ್ಮಿಕ ಒಳಗಿದ್ದ, ಗೇಟಿನ ಎದುರಿನ ಚಹಾ ಅಂಗಡಿ ಮುಚ್ಚಿತ್ತು. ಅದೇ ವರ್ಷದ ಜೂನ್ 14ರಿಂದ ಕಾರ್ಖಾನೆಗಳಿಗೆ ಅರ್ಧದಷ್ಟು, ಸಿದ್ಧ ಉಡುಪು ಘಟಕಗಳಿಗೆ ಶೇ. 30ರಷ್ಟು ಸಿಬ್ಬಂದಿಯೊಂದಿಗೆ ಅನುಮತಿ ದೊರೆಯಿತು. ಹೋಟೆಲುಗಳಲ್ಲಿ ಮಾತ್ರ ಇನ್ನೊಂದು ವಾರ ಪಾರ್ಸೆಲ್ ಅಷ್ಟೇ. ಕೆಲಸಕ್ಕೆ ಮರಳಿದ ಕಾರ್ಮಿಕ ಪೊಟ್ಟಣ ಹಿಡಿದು ರಸ್ತೆಯ ಬದಿಯಲ್ಲಿ ತಿನ್ನಬೇಕಾಯಿತು.

ಆಸನ ಮಿತಿಯಲ್ಲಿ ಒಂದು ವಿಚಿತ್ರವೂ ಇತ್ತು. ದರ್ಶಿನಿಯಲ್ಲಿ ಗಿರಾಕಿ ನಿಂತೇ ತಿನ್ನುತ್ತಾನೆ. ಕುರ್ಚಿಯೇ ಇಲ್ಲದ ಕಡೆ ಶೇ. 50 ಎಂದರೆ ಎಷ್ಟು ಜನ ಎಂಬುದು ತಪಾಸಣೆಗೆ ಬಂದ ಅಧಿಕಾರಿಯ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು.

ವಾರಾಂತ್ಯದ ಕರ್ಫ್ಯೂ ಪೀಣ್ಯಕ್ಕೆ ಅಷ್ಟಾಗಿ ತಟ್ಟಲಿಲ್ಲ. ಭಾನುವಾರ ಅಲ್ಲಿ ಹೇಗೂ ವ್ಯಾಪಾರ ಮಂದ. ವೈಟ್‌ಫೀಲ್ಡಿನ ಮಾಲ್‌ಗಳ ರೆಸ್ಟೋರೆಂಟುಗಳಿಗೂ ಬಿಯರ್ ತಯಾರಿಸಿ ಮಾರುವ ಪಬ್‌ಗಳಿಗೂ ಶನಿವಾರ, ಭಾನುವಾರಗಳೇ ಆಧಾರ.

ಲೆಕ್ಕವನ್ನು ಬಿಡಿಸಿ ನೋಡಿದರೆ

ಒಂದು ಕಲ್ಪಿತ ಹೋಟೆಲನ್ನು ತೆಗೆದುಕೊಳ್ಳೋಣ. ನಲವತ್ತು ಆಸನಗಳು, ಮಧ್ಯಾಹ್ನ ನಾಲ್ಕು ಪಂಕ್ತಿ, ಒಟ್ಟು 160 ಊಟ. ಊಟದ ಬೆಲೆ ರೂ. 70. ದಿನಸಿ, ತರಕಾರಿ, ಅನಿಲ ಸೇರಿ ಊಟವೊಂದಕ್ಕೆ ರೂ. 35 ಖರ್ಚು; ಉಳಿಯುವುದು ರೂ. 35. ಬಾಡಿಗೆ ಮತ್ತಿತರ ಸ್ಥಿರ ವೆಚ್ಚ ದಿನಕ್ಕೆ ರೂ. 1,400, ಸಂಬಳ ರೂ. 2,450, ಒಟ್ಟು ರೂ. 3,850. ಅಂದರೆ 110 ಊಟ ಮಾರಾಟವಾದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಅರ್ಧ ಆಸನಗಳಿಗೆ ಮಿತಿ ಬಂದರೆ 80 ಊಟ. ದಿನದ ನಷ್ಟ ರೂ. 1,050. ಬಾಗಿಲು ಮುಚ್ಚಿ ಸಿಬ್ಬಂದಿಯನ್ನು ಊರಿಗೆ ಕಳುಹಿಸಿದರೆ ನಷ್ಟ ರೂ. 1,400. ಆದ್ದರಿಂದ ಮಾಲೀಕ ನಷ್ಟದಲ್ಲಿಯೇ ಬಾಗಿಲು ತೆರೆಯುತ್ತಾನೆ. 70 ಊಟಕ್ಕಿಂತ ಕೆಳಗಿಳಿದರೆ ಮುಚ್ಚುವುದೇ ಲೇಸು. 70 ಮತ್ತು 110ರ ನಡುವಿನ ಈ ಪಟ್ಟಿಯೇ ಅಪಾಯಕಾರಿ. ಹೊರಗಿನಿಂದ ನೋಡುವವರಿಗೆ ಹೋಟೆಲು ನಡೆಯುತ್ತಿದೆ, ಒಳಗೆ ಬಂಡವಾಳ ಕರಗುತ್ತಿದೆ. ತಿಂಗಳಿಗೆ 26 ದಿನ ಹಿಡಿದರೆ ಕರಗುವ ಮೊತ್ತ ರೂ. 27,300.

ಇದು ಪೀಣ್ಯದ ಚಿತ್ರ. ಅಲ್ಲಿ ಗಿರಾಕಿಗಳಿದ್ದರು, ಕೂರಿಸಲು ಸ್ಥಳವಿರಲಿಲ್ಲ. ಊಟದ ವಿರಾಮ ಎಲ್ಲರಿಗೂ ಒಂದೇ ಹೊತ್ತಿಗೆ ಬರುವುದರಿಂದ ಪಂಕ್ತಿ ಹೆಚ್ಚಿಸುವಂತೆಯೂ ಇರಲಿಲ್ಲ. ಹಾಗಾಗಿ ಮಿತಿ ತೆರವಾದೊಡನೆ ವ್ಯಾಪಾರ ಚೇತರಿಸಿಕೊಳ್ಳಲು ದಾರಿಯಾಯಿತು. ಅದೇ ಹೋಟೆಲು ವೈಟ್‌ಫೀಲ್ಡಿನಲ್ಲಿದ್ದು, ಸುತ್ತಲಿನ ಕಚೇರಿಗಳಿಗೆ ನಾಲ್ಕನೆಯ ಒಂದು ಭಾಗದಷ್ಟು ಜನ ಮಾತ್ರ ಬರುತ್ತಿದ್ದರೆ ಮಾರಾಟವಾಗುವುದು 40 ಊಟ. ಅಲ್ಲಿ 80ರ ಮಿತಿ ಕಾಗದದ ಮೇಲಷ್ಟೇ ಇರುತ್ತದೆ. ಅದನ್ನು ತೆಗೆದುಹಾಕಿದರೂ ಒಂದು ಊಟವೂ ಹೆಚ್ಚದು.

ಗಿರಾಕಿಯನ್ನು ನಿಯಂತ್ರಿಸಿದ ಬೇರೆ ಆದೇಶಗಳು

ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಹೋಟೆಲು, ಪಿ.ಜಿ., ಸರ್ವಿಸ್ ಅಪಾರ್ಟ್‌ಮೆಂಟುಗಳ ಭವಿಷ್ಯವನ್ನು ನಿರ್ಧರಿಸಿದ್ದು ಬಹುಮಟ್ಟಿಗೆ ಕಚೇರಿ ಹಾಜರಾತಿ. ಕೇಂದ್ರ ದೂರಸಂಪರ್ಕ ಇಲಾಖೆಯು 2020ರ ನವೆಂಬರ್ 5ರಂದು ಹೊರಡಿಸಿದ ಮಾರ್ಗಸೂಚಿಗಳು ಬಿ.ಪಿ.ಒ. ಮತ್ತು ಐ.ಟಿ. ಸೇವಾ ಕಂಪನಿಗಳಿಗೆ ಮನೆಯಿಂದ ಕೆಲಸ ಮಾಡಿಸುವುದನ್ನು ಶಾಶ್ವತವಾಗಿ ಸುಲಭಗೊಳಿಸಿದವು. ವಿಶೇಷ ಆರ್ಥಿಕ ವಲಯದ ಘಟಕಗಳಿಗಾಗಿ 2022ರ ಜುಲೈನಲ್ಲಿ ಹೊಸದಾಗಿ 43ಎ ನಿಯಮ ಬಂದಿತು. ಮೊದಲು ಅರ್ಧದಷ್ಟು ಸಿಬ್ಬಂದಿಗೆ ಇದ್ದ ಈ ಅವಕಾಶವನ್ನು ಅದೇ ಡಿಸೆಂಬರಿನಲ್ಲಿ ಎಲ್ಲ ಸಿಬ್ಬಂದಿಗೂ, 2023ರ ಅಂತ್ಯದವರೆಗೆ ವಿಸ್ತರಿಸಲಾಯಿತು. ಸಾಂಕ್ರಾಮಿಕದ ಕೊನೆಯ ನಿರ್ಬಂಧ ತೆರವಾಗಿ ಆಗ ಬಹುಕಾಲವಾಗಿತ್ತು.

ಇವು ಕೇಂದ್ರದ ಆದೇಶಗಳು. ರಾಜ್ಯದ್ದೇ ಒಂದು ಉದಾಹರಣೆಯೂ ಇದೆ. 2021ರ ಆಗಸ್ಟ್‌ನಲ್ಲಿ ರಾಜ್ಯ ಐ.ಟಿ. ಇಲಾಖೆಯು, ಸೆಂಟ್ರಲ್ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗಿನ ಹೊರವರ್ತುಲ ರಸ್ತೆಯ ಕಂಪನಿಗಳಿಗೆ 2022ರ ಡಿಸೆಂಬರ್‌ವರೆಗೆ ಮನೆಯಿಂದ ಕೆಲಸ ಮುಂದುವರಿಸುವಂತೆ ಸಲಹೆ ನೀಡಿತು. ಮೆಟ್ರೊ ಕಾಮಗಾರಿಯಿಂದ ಉಂಟಾಗುವ ವಾಹನ ದಟ್ಟಣೆಯೇ ಇದಕ್ಕೆ ಕಾರಣ. ರೋಗದ ಮಾತು ಅಲ್ಲಿರಲಿಲ್ಲ. ಸರ್ಕಾರದ ಒಂದು ಕೈ ಹೋಟೆಲಿನ ಬಾಗಿಲು ತೆರೆಯುತ್ತಿದ್ದಾಗ ಇನ್ನೊಂದು ಕೈ ಗಿರಾಕಿಯನ್ನು ಮನೆಯಲ್ಲಿ ಕೂರಿಸುತ್ತಿತ್ತು. ಈ ಎರಡೂ ಕಡತಗಳು ಒಂದೇ ಮೇಜಿನ ಮೇಲೆ ಬಂದಿದ್ದರೆ ಅವಧಿಯನ್ನಾದರೂ ಬೇರೆ ರೀತಿಯಲ್ಲಿ ನಿಗದಿಪಡಿಸಬಹುದಿತ್ತು.

ಮುನ್ಸೂಚನೆಯ ವಿಷಯದಲ್ಲಿಯೂ ಇದೇ ಕೊರತೆ. 2020ರ ಡಿಸೆಂಬರ್ 23ರಂದು ಘೋಷಿಸಿದ ರಾತ್ರಿ ಕರ್ಫ್ಯೂವನ್ನು ಮರುದಿನವೇ ಹಿಂಪಡೆಯಲಾಯಿತು. 2021ರ ಏಪ್ರಿಲ್ 26ರಂದು ಪ್ರಕಟವಾದ ಬಿಗಿ ನಿರ್ಬಂಧ ಮರುದಿನ ರಾತ್ರಿ 9 ಗಂಟೆಗೆ ಜಾರಿಯಾಯಿತು. ಜವಳಿ ಅಂಗಡಿಯ ದಾಸ್ತಾನು ಕಪಾಟಿನಲ್ಲಿ ಉಳಿದೀತು. ರುಬ್ಬಿಟ್ಟ ಹಿಟ್ಟು, ತಂದಿಟ್ಟ ಹಾಲು ಉಳಿಯುವುದಿಲ್ಲ.

ಪರಿಹಾರ ಯಾರಿಗೆ ತಲುಪಿತು

2021ರ ಮಾರ್ಚ್ ಅಂತ್ಯದಲ್ಲಿ ತುರ್ತು ಸಾಲ ಖಾತರಿ ಯೋಜನೆಯನ್ನು ಆತಿಥ್ಯ ಉದ್ಯಮಕ್ಕೆ ವಿಸ್ತರಿಸಲಾಯಿತು. 2020ರ ಫೆಬ್ರವರಿ 29ರಂದು ಬಾಕಿಯಿದ್ದ ಸಾಲದ ಶೇ. 40ರವರೆಗೆ ಹೆಚ್ಚುವರಿ ಸಾಲ, ಆರು ವರ್ಷಗಳ ಅವಧಿ, ಮೊದಲ ಎರಡು ವರ್ಷ ಅಸಲು ಪಾವತಿಗೆ ಬಿಡುವು. 2022ರ ಕೇಂದ್ರ ಮುಂಗಡಪತ್ರದಲ್ಲಿ ಈ ಉದ್ಯಮಕ್ಕೆಂದೇ ಖಾತರಿಯ ಮೊತ್ತವನ್ನು ರೂ. 50,000 ಕೋಟಿಯಷ್ಟು ಹೆಚ್ಚಿಸಲಾಯಿತು. ಬ್ಯಾಂಕ್ ಸಾಲವಿದ್ದ ದೊಡ್ಡ ಹೋಟೆಲುಗಳಿಗೆ ಇದು ನೆರವಾಗುವಂಥದು. ಚೀಟಿ ಹಣ, ಕೈಸಾಲಗಳಿಂದ ನಡೆಯುವ ದರ್ಶಿನಿಯ ಬ್ಯಾಂಕ್ ಬಾಕಿ ಸೊನ್ನೆ, ಸೊನ್ನೆಯ ಶೇ. 40 ಸೊನ್ನೆಯೇ.

ಹೋಟೆಲುಗಳಿಗೆ ಸಾಮಗ್ರಿ ಒದಗಿಸುವವರ ಸ್ಥಿತಿಯಲ್ಲಿಯೂ ವ್ಯತ್ಯಾಸವಿದೆ. ಅಡುಗೆಮನೆಯ ಸ್ಟೀಲ್ ಉಪಕರಣ ತಯಾರಿಸುವ ಕಿರು ಅಥವಾ ಸಣ್ಣ ಘಟಕಕ್ಕೆ ಎಂ.ಎಸ್.ಎಂ.ಇ.ಡಿ. ಅಧಿನಿಯಮ, 2006ರ ಪ್ರಕಾರ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಪಾವತಿಯಾಗಬೇಕು. ತಡವಾದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಅದೇ ಹೋಟೆಲಿಗೆ ದಿನಸಿ ಕೊಟ್ಟ ವ್ಯಾಪಾರಿಗೆ ಈ ರಕ್ಷಣೆಯಿಲ್ಲ. 2021ರ ಜುಲೈ 2ರಂದು ಚಿಲ್ಲರೆ ಮತ್ತು ಸಗಟು ವ್ಯಾಪಾರವನ್ನು ಎಂ.ಎಸ್.ಎಂ.ಇ. ಪಟ್ಟಿಗೆ ಸೇರಿಸಿದ್ದು ಆದ್ಯತಾ ವಲಯದ ಸಾಲದ ಮಟ್ಟಿಗೆ ಮಾತ್ರ. ವ್ಯಾಪಾರಿ ಸದಸ್ಯರು ಉದ್ಯಮ್ ನೋಂದಣಿ ಪತ್ರವೊಂದನ್ನೇ ನಂಬಿ ಉದ್ದರಿ ನೀಡುವ ಮುನ್ನ ಇದನ್ನು ಗಮನಿಸುವುದು ಒಳ್ಳೆಯದು.

ಬಾಡಿಗೆ ಕರಾರು

ಹೆಚ್ಚಿನ ಹೋಟೆಲುಗಳನ್ನು ಕೊನೆಗೆ ಕಟ್ಟಿಹಾಕಿದ್ದು ಬಾಡಿಗೆ. 2021-22ನೇ ಸಾಲಿಗೆ ರಾಜ್ಯ ಸರ್ಕಾರವು ಹೋಟೆಲುಗಳಿಗೆ ಆಸ್ತಿ ತೆರಿಗೆಯಲ್ಲಿ ಶೇ. 50ರ ರಿಯಾಯಿತಿ ಘೋಷಿಸಿತು. ಆದರೆ ಆಸ್ತಿ ತೆರಿಗೆ ಕಟ್ಟುವವನು ಕಟ್ಟಡದ ಒಡೆಯ. ಆತ ಬಿಟ್ಟುಕೊಟ್ಟರಷ್ಟೇ ಬಾಡಿಗೆದಾರನಿಗೆ ಅದರ ಪಾಲು. ಬಾಡಿಗೆಯ ಮೇಲೆ ತೆತ್ತ ಜಿ.ಎಸ್.ಟಿ.ಯನ್ನು ಶೇ. 5ರ ದರದ ಹೋಟೆಲುಗಳು ಹೂಟುವಳಿ ತೆರಿಗೆಯಾಗಿ ಹಿಂಪಡೆಯಲು ಸಹ ಅವಕಾಶವಿಲ್ಲ.

ಲಾಕ್‌ಡೌನ್ ಇದ್ದುದರಿಂದ ಬಾಡಿಗೆ ತಾನಾಗಿಯೇ ಮಾಫಿಯಾಗುತ್ತದೆಯೇ? ದೆಹಲಿಯ ಖಾನ್ ಮಾರ್ಕೆಟ್ ಅಂಗಡಿಯೊಂದರ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2020ರ ಮೇ 21ರಂದು ಇಲ್ಲವೆಂದಿತು. ಕರಾರಿನಲ್ಲಿ ಅಂತಹ ಷರತ್ತು ಇದ್ದರೆ ಮಾತ್ರ ಬಾಡಿಗೆದಾರ ಅದನ್ನು ಆಶ್ರಯಿಸಬಹುದು. ಜಾಗವನ್ನು ಉಳಿಸಿಕೊಂಡು ಬಾಡಿಗೆ ಮಾತ್ರ ಬೇಡವೆನ್ನಲಾಗದು. ಆದ್ದರಿಂದ ಕರಾರು ನವೀಕರಿಸುವಾಗ ಸರ್ಕಾರಿ ಆದೇಶದಿಂದ ಬಾಗಿಲು ಮುಚ್ಚಿದ ದಿನಗಳಿಗೆ ಬಾಡಿಗೆ ಎಷ್ಟು, ವೇಳೆ ಅಥವಾ ಆಸನ ಮಿತಿಗೊಂಡ ದಿನಗಳಿಗೆ ಎಷ್ಟು, ಆ ಅವಧಿ ಮೂರು ತಿಂಗಳು ಮೀರಿದರೆ ಮುಂಗಡವನ್ನು ಕಳೆದುಕೊಳ್ಳದೆ ಜಾಗ ತೆರವು ಮಾಡುವ ಹಕ್ಕು ಯಾರಿಗೆ ಎಂಬ ಮೂರು ಸಾಲುಗಳನ್ನು ಬರೆಸಿಕೊಳ್ಳುವುದು ಅಗತ್ಯ. ಹಾಜರಾತಿ ಕುಸಿತಕ್ಕೂ ಒಂದು ಸಾಲು ಬೇಕೆಂದು ಐ.ಟಿ. ಪಾರ್ಕುಗಳ ಒಳಗಿನ ಫುಡ್ ಕೋರ್ಟ್ ಮಳಿಗೆದಾರರು ಕೇಳಬಹುದು. ಅಲ್ಲಿ ನಿಗದಿತ ಬಾಡಿಗೆಗೆ ಬದಲಾಗಿ ಮಾರಾಟದ ಇಂತಿಷ್ಟು ಪಾಲು ಎಂಬ ಪದ್ಧತಿಗೆ ಒಪ್ಪಿಸುವುದು ಹೆಚ್ಚು ಸುಲಭ.