ಮಲ್ಪೆ ದ್ವೀಪದ ಕಲ್ಲುಕಂಬಗಳು

ಡಿಸೆಂಬರ್ ರಜೆಯಲ್ಲಿ ನಾವು ಮನೆಯವರೆಲ್ಲ ಬಂಟ್ವಾಳದಿಂದ ಮಲ್ಪೆಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. ಕಲ್ಲುಕಂಬಗಳನ್ನು ಕಂಡ ಉಮ್ಮ, "ಇಷ್ಟು ಚಂದ ಕೆತ್ತಿದ್ದು ಯಾರು?" ಎಂದು ಕೇಳಿದರು.

ಯಾರೂ ಕೆತ್ತಿದ್ದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಇಲ್ಲಿ ಲಾವಾ ಹರಿಯಿತು. ಅದು ತಣಿಯುತ್ತಾ ಕುಗ್ಗಿತು. ಬೇಸಿಗೆಯಲ್ಲಿ ಗದ್ದೆಯ ಕೆಸರು ಒಣಗಿ ಬಿರಿಯುತ್ತದಲ್ಲ, ಹಾಗೆಯೇ ಬಿರುಕು ಬಿಟ್ಟಿತು. ಬಿರುಕುಗಳು ಆಳಕ್ಕೆ ಇಳಿದಂತೆ ಐದಾರು ಮುಖಗಳ ಕಂಬಗಳಾದವು. ಇಂದು ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಆ ಕಂಬಗಳ ತುದಿಯಲ್ಲಿ ನಿಂತು ಫೋಟೋ ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಪಾಚಿ ಜಾರುತ್ತದೆ, ಅಲೆ ಹೇಳಿ ಬರುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ಕೇರಳದ ಮೂವರು ವಿದ್ಯಾರ್ಥಿಗಳು ಇಲ್ಲೇ ಸಮುದ್ರಪಾಲಾದರು. ಮಳೆಗಾಲದಲ್ಲಂತೂ ದೋಣಿಯೇ ಇಲ್ಲ.