ಸ್ಪಾಕ್ ಮಾಡಿದ ದ್ರೋಹ

ಖಗೋಳ ವಿಜ್ಞಾನಿ ಜಯಂತ ನಾರಳೀಕರ್ 1938ರಲ್ಲಿ ಹುಟ್ಟಿದ್ದು ಕೊಲ್ಹಾಪುರದಲ್ಲಿ. ಅವರ ಮರಾಠಿ ಕಾದಂಬರಿ ‘ವಾಮನ ಪರತ ನ ಆಲಾ’ದ ಯಂತ್ರಮಾನವ ವಾಮನ ವಿಜ್ಞಾನಿಗಳ ವಿಶ್ವಾಸ ಗಳಿಸುತ್ತಾನೆ, ಆದರೆ ತನ್ನಂಥವರನ್ನು ತಾನೇ ಸೃಷ್ಟಿಸುವ ಹಂಬಲ ಅವನನ್ನು ಅಪಾಯಕಾರಿಯಾಗಿಸುತ್ತದೆ. ಕೊಲ್ಹಾಪುರದ ಆಸುಪಾಸಿನ ಇಚಲಕರಂಜಿ, ಗಡಹಿಂಗ್ಲಜದ ಓದುಗರಿಗೆ ಇದು ನೆರೆಮನೆಯ ಸಾಹಿತ್ಯ. ಅದನ್ನು ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಪಕ್ಕದಲ್ಲಿಟ್ಟು ನೋಡಿದರೆ, ನಂಬಿದವರಿಗೆ ಬಗೆಯುವ ದ್ರೋಹದ ತಿರುಳು ಕಾಣುತ್ತದೆ.

1966ರ ನವೆಂಬರ್‌ನಲ್ಲಿ ಎರಡು ಭಾಗಗಳಲ್ಲಿ ಪ್ರಸಾರವಾದ ‘ದಿ ಮೆನಾಜರಿ’ ಕಂತಿನಲ್ಲಿ ನಿಷ್ಠೆಗೇ ಹೆಸರಾದ ಅಧಿಕಾರಿ ಸ್ಪಾಕ್ ಸುಳ್ಳು ಆದೇಶ ಸೃಷ್ಟಿಸಿ, ತನ್ನ ಕ್ಯಾಪ್ಟನ್ ಕರ್ಕ್‌ನ ಅಂತರಿಕ್ಷ ಹಡಗನ್ನೇ ಅಪಹರಿಸುತ್ತಾನೆ. ತೀವ್ರವಾಗಿ ಗಾಯಗೊಂಡ ಹಳೆಯ ನಾಯಕ ಪೈಕ್‌ನನ್ನು ನಿಷೇಧಿತ ಟೇಲೋಸ್ ಗ್ರಹಕ್ಕೆ ಒಯ್ದು, ಅವನ ಉಳಿದ ಬದುಕನ್ನು ಸಹನೀಯವಾಗಿಸುವುದು ಸ್ಪಾಕ್‌ನ ಉದ್ದೇಶ. ಅಲ್ಲಿಗೆ ಹೋದವರಿಗೆ ಮರಣದಂಡನೆ. ಉದ್ದೇಶ ಕರುಣೆಯದ್ದಾದ ಮೇಲೆ ದ್ರೋಹವೆಲ್ಲಿ ಎಂದು ಕೇಳಬಹುದು. ಕರ್ಕ್‌ನನ್ನು ಶಿಕ್ಷೆಯಿಂದ ಉಳಿಸಲೆಂದೇ ಸ್ಪಾಕ್ ಸತ್ಯ ಮುಚ್ಚಿಟ್ಟನೆಂಬ ವಾದವೂ ಹಗುರದ್ದಲ್ಲ. ಆದರೆ ಗೆಳೆಯನಿಗಾಗಿ ಅಪಾಯ ಎದುರಿಸಬೇಕೇ ಬೇಡವೇ ಎಂಬ ತೀರ್ಮಾನ ಕರ್ಕ್‌ನದಾಗಿತ್ತು. ಸ್ಪಾಕ್ ಅದನ್ನು ಕಸಿದುಕೊಂಡ. ಹಾಗಾಗಿ ಅದು ದ್ರೋಹವೇ. ವಾಮನನಿಗೂ ಅವನಿಗೂ ಇರುವ ಅಂತರ ಬೇರೆಡೆಯಿದೆ: ಸ್ಪಾಕ್ ತಾನೇ ಶರಣಾಗಿ, ವಿಚಾರಣೆಗೆ ತಲೆಯೊಡ್ಡುತ್ತಾನೆ. ಕ್ಷಮೆಗೆ ಅವನನ್ನು ಅರ್ಹನಾಗಿಸುವುದು ಅವನ ಸದುದ್ದೇಶವಲ್ಲ, ಈ ಹೊಣೆಗಾರಿಕೆ.