ಹಳೆಯ ಗಣಕಯಂತ್ರಗಳಲ್ಲಿ ಹಾರ್ಡ್ ಡಿಸ್ಕ್ ಡಿಫ್ರಾಗ್ಮೆಂಟೇಷನ್: ಅಡಚಣೆಗಳು ಮತ್ತು ಪರಿಹಾರ

ಸಾರ್ವಜನಿಕರ ಮಾಹಿತಿಗಾಗಿ
(ಅಳವಂಡಿ ಹೋಬಳಿ, ಕೊಪ್ಪಳ ತಾಲ್ಲೂಕು)

ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ವಿದ್ಯಾರ್ಥಿ ವೇತನ, ಪಿಂಚಣಿ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವವರಲ್ಲಿ ಹಲವರು ತಮ್ಮ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಮನೆಯಲ್ಲಿರುವ ಹಳೆಯ ಗಣಕಯಂತ್ರದಲ್ಲಿ ಇಟ್ಟುಕೊಂಡಿರುತ್ತಾರೆ. ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿದಾಗ ಯಂತ್ರವು ನಿಧಾನವಾಗುವುದು, ಕಡತಗಳು ತೆರೆಯದಿರುವುದು ಸಾಮಾನ್ಯವಾಗಿ ಕಂಡುಬರುವ ತೊಂದರೆ. ಇದಕ್ಕೆ ಡಿಫ್ರಾಗ್ಮೆಂಟೇಷನ್ ಒಂದು ಪರಿಹಾರವಾಗಿದ್ದರೂ ಎಲ್ಲ ಸಂದರ್ಭಗಳಲ್ಲಿಯೂ ಅದೇ ಪರಿಹಾರವಲ್ಲ. ಕೆಲವು ಸಂದರ್ಭಗಳಲ್ಲಿ ಅದರಿಂದ ದಾಖಲೆಗಳು ನಷ್ಟವಾಗುವ ಅಪಾಯವೂ ಉಂಟು. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಓದಿಕೊಂಡು ಮುಂದುವರಿಯುವಂತೆ ಕೋರಲಾಗಿದೆ.

ಡಿಫ್ರಾಗ್ಮೆಂಟೇಷನ್ ಎಂದರೇನು?

ಕಚೇರಿಯ ದಫ್ತರಿನಲ್ಲಿ ಒಂದೇ ಸರ್ವೆ ನಂಬರಿನ ಕಾಗದಗಳು ಹತ್ತಾರು ಕಟ್ಟುಗಳಲ್ಲಿ ಚದುರಿಹೋಗಿದ್ದರೆ, ಅವೆಲ್ಲವನ್ನೂ ಹುಡುಕಿ ತರಲು ಸಿಬ್ಬಂದಿಗೆ ಹೆಚ್ಚು ಸಮಯ ಬೇಕಾಗುತ್ತದೆ. ಹಾರ್ಡ್ ಡಿಸ್ಕಿನಲ್ಲಿಯೂ ಹೀಗೆಯೇ ಆಗುತ್ತದೆ. ಕಡತಗಳನ್ನು ಪದೇ ಪದೇ ಸೇರಿಸಿ, ಅಳಿಸಿ, ತಿದ್ದಿದಂತೆಲ್ಲ ಹೊಸ ಕಡತವು ಖಾಲಿ ಇದ್ದ ಕಡೆಗಳಲ್ಲಿ ತುಂಡುತುಂಡಾಗಿ ದಾಖಲಾಗುತ್ತದೆ. ಈ ತುಂಡುಗಳನ್ನು ಒಂದೆಡೆ ಸಾಲಾಗಿ ಜೋಡಿಸುವ ಕ್ರಿಯೆಯೇ ಡಿಫ್ರಾಗ್ಮೆಂಟೇಷನ್.

ನಿಮಿಷಕ್ಕೆ 7200 ಬಾರಿ ಸುತ್ತುವ ಡಿಸ್ಕ್ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಓದುವ ಮುಳ್ಳು ಸರಿಯುವ ಕಾಲವೂ ಸೇರಿದರೆ ಪ್ರತಿ ತುಂಡಿಗೆ ಹತ್ತು ಮಿಲಿಸೆಕೆಂಡಿಗಿಂತ ಹೆಚ್ಚು ಸಮಯ ಹಿಡಿಯಬಹುದು. ಹೀಗಾಗಿ ಸಾವಿರ ತುಂಡುಗಳಾಗಿರುವ ಕಡತವೊಂದನ್ನು ತೆರೆಯಲು ಹತ್ತು ಸೆಕೆಂಡಿಗೂ ಹೆಚ್ಚು ಕಾಲ ಕಾಯಬೇಕಾಗುತ್ತದೆ.

ಪ್ರಾರಂಭಿಸುವ ಮೊದಲು ಕಡ್ಡಾಯವಾಗಿ ಮಾಡಬೇಕಾದುದು

1. ಮುಖ್ಯ ದಾಖಲೆಗಳ ಪ್ರತಿಯನ್ನು ಪೆನ್ ಡ್ರೈವ್ ಅಥವಾ ಬೇರೊಂದು ಯಂತ್ರಕ್ಕೆ ತೆಗೆದುಕೊಳ್ಳತಕ್ಕದ್ದು. ಪಹಣಿಯನ್ನು ಭೂಮಿ ವ್ಯವಸ್ಥೆಯಿಂದ ಮತ್ತೆ ಪಡೆಯಬಹುದು. ಆದರೆ ಮೂಲ ಪ್ರತಿ ಜೀರ್ಣವಾಗಿರುವ ಹಳೆಯ ಹಕ್ಕುಪತ್ರ, ಕೈಬರಹದ ಒಪ್ಪಂದ, ಹಿರಿಯರ ಭಾವಚಿತ್ರ ಇತ್ಯಾದಿಗಳ ಸ್ಕ್ಯಾನ್ ಪ್ರತಿ ಹೋದರೆ ಮರಳಿ ದೊರೆಯುವುದಿಲ್ಲ. ಇವುಗಳನ್ನು ಮೊದಲು ನಕಲಿಸಿಕೊಳ್ಳಬೇಕು.

2. ನಾಡಕಚೇರಿಯಿಂದ ಪಡೆದ ಪ್ರಮಾಣ ಪತ್ರಗಳ ಆರ್.ಡಿ. ಸಂಖ್ಯೆಯನ್ನು ಪುಸ್ತಕವೊಂದರಲ್ಲಿ ಬರೆದಿಟ್ಟುಕೊಳ್ಳುವುದು.

3. ಹಳೆಯ ನುಡಿ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಮನವಿಗಳಿದ್ದಲ್ಲಿ, ಅವುಗಳೊಂದಿಗೆ ನುಡಿ ಅಕ್ಷರ ವಿನ್ಯಾಸಗಳನ್ನೂ ನಕಲಿಸಿಕೊಳ್ಳುವುದು. ಯೂನಿಕೋಡ್ ಅಲ್ಲದ ಈ ಬರಹವು, ಆ ಅಕ್ಷರ ವಿನ್ಯಾಸವಿಲ್ಲದ ಯಂತ್ರದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

4. ಡಿಫ್ರಾಗ್ಮೆಂಟೇಷನ್ ಕೆಲವು ಗಂಟೆಗಳ ಕಾಲ ನಡೆಯಬಹುದು. ವಿದ್ಯುತ್ ಕಡಿತವಾಗುವ ವೇಳೆಯಲ್ಲಿ ಪ್ರಾರಂಭಿಸಬಾರದು; ಯು.ಪಿ.ಎಸ್. ಇದ್ದರೆ ಉತ್ತಮ. ಬೇಸಿಗೆಯ ಹಗಲಿಗಿಂತ ಬೆಳಗಿನ ಜಾವ ಅಥವಾ ರಾತ್ರಿ ಸೂಕ್ತ. ಎರೆಭೂಮಿಯ ಧೂಳು ಫ್ಯಾನಿನಲ್ಲಿ ಸೇರಿಕೊಂಡಿದ್ದರೆ, ವಿದ್ಯುತ್ ಸಂಪರ್ಕ ತೆಗೆದು ಸ್ವಚ್ಛಗೊಳಿಸಬೇಕು.

ನಡೆಸುವ ವಿಧಾನ (ವಿಂಡೋಸ್ ಎಕ್ಸ್‌ಪಿ)

ನಿರ್ವಾಹಕರ ಖಾತೆಯಿಂದ ಪ್ರವೇಶಿಸಿ ‘ಮೈ ಕಂಪ್ಯೂಟರ್’ ತೆರೆಯಿರಿ. ಸಿ ಡ್ರೈವ್ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’, ಅದರಲ್ಲಿ ‘ಟೂಲ್ಸ್’, ನಂತರ ‘ಡಿಫ್ರಾಗ್ಮೆಂಟ್ ನೌ’ ಆಯ್ಕೆ ಮಾಡಿ. ಮೊದಲು ‘ಅನಲೈಜ್’ ಗುಂಡಿಯನ್ನು ಒತ್ತಬೇಕು. ಅಗತ್ಯವಿಲ್ಲವೆಂದು ಸಂದೇಶ ಬಂದರೆ ಅಲ್ಲಿಗೇ ನಿಲ್ಲಿಸಬಹುದು. ಚಿತ್ರದಲ್ಲಿ ಕೆಂಪು ಬಣ್ಣವು ಚದುರಿದ ಕಡತಗಳನ್ನೂ, ನೀಲಿಯು ಜೋಡಣೆಯಾಗಿರುವ ಕಡತಗಳನ್ನೂ, ಹಸಿರು ಸ್ಥಳಾಂತರಿಸಲಾಗದ ಕಡತಗಳನ್ನೂ, ಬಿಳಿಯು ಖಾಲಿ ಜಾಗವನ್ನೂ ಸೂಚಿಸುತ್ತದೆ.

ಸಾಮಾನ್ಯ ಅಡಚಣೆಗಳು ಮತ್ತು ಪರಿಹಾರ

(ಅ) ಪ್ರಾರಂಭವಾಗುತ್ತಿಲ್ಲ: ಡಿಸ್ಕಿನ ದೋಷ ಪರಿಶೀಲನೆ ಬಾಕಿ ಇರುವಾಗ ಈ ಕ್ರಿಯೆ ನಡೆಯುವುದಿಲ್ಲ. ‘ಟೂಲ್ಸ್’ನಲ್ಲಿಯೇ ಇರುವ ‘ಚೆಕ್ ನೌ’ ಆಯ್ಕೆ ಮಾಡಿ, ದೋಷ ಸರಿಪಡಿಸುವ ಚೌಕಕ್ಕೆ ಗುರುತು ಹಾಕಿ, ಯಂತ್ರವನ್ನು ಮರುಪ್ರಾರಂಭಿಸಬೇಕು. ಪರಿಶೀಲನೆ ಪೂರ್ಣಗೊಳ್ಳುವವರೆಗೆ ಯಂತ್ರವನ್ನು ಆರಿಸಬಾರದು.

(ಆ) ಜಾಗ ಸಾಲದೆಂಬ ಸಂದೇಶ: ಡ್ರೈವಿನಲ್ಲಿ ಕನಿಷ್ಠ ಶೇ. 15ರಷ್ಟು ಜಾಗ ಖಾಲಿ ಇರಬೇಕು. ಅಂದರೆ 40 ಜಿ.ಬಿ. ಡ್ರೈವಿನಲ್ಲಿ 6 ಜಿ.ಬಿ. ‘ಡಿಸ್ಕ್ ಕ್ಲೀನಪ್’ ಮೂಲಕ ತಾತ್ಕಾಲಿಕ ಕಡತಗಳನ್ನು ತೆಗೆದುಹಾಕಬಹುದು. ರೀಸೈಕಲ್ ಬಿನ್ ಖಾಲಿ ಮಾಡುವ ಮೊದಲು ಅದರಲ್ಲಿ ಬೇಕಾದ ದಾಖಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

(ಇ) ಮತ್ತೆ ಮತ್ತೆ ಮೊದಲಿನಿಂದ ಪ್ರಾರಂಭವಾಗುತ್ತಿದೆ: ವಿಂಡೋಸ್ 98ರಂತಹ ಆವೃತ್ತಿಗಳಲ್ಲಿ ಬೇರೆ ತಂತ್ರಾಂಶವು ಡಿಸ್ಕಿನಲ್ಲಿ ಬರೆದೊಡನೆ ಕೆಲಸ ಮೊದಲಿನಿಂದ ಶುರುವಾಗುತ್ತದೆ. ಸ್ಕ್ರೀನ್ ಸೇವರ್ ನಿಲ್ಲಿಸಿ, ಅಂತರ್ಜಾಲ ಸಂಪರ್ಕ ತೆಗೆದು, ಬಳಿಕ ವೈರಸ್ ನಿರೋಧಕವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು. ಆದರೂ ಆಗದಿದ್ದರೆ ‘ಸೇಫ್ ಮೋಡ್’ನಲ್ಲಿ ನಡೆಸಬೇಕು.

(ಈ) ಮುಗಿದ ಮೇಲೂ ಕೆಂಪು ಗೆರೆಗಳು ಉಳಿದಿವೆ: ದೊಡ್ಡ ಕಡತಕ್ಕೆ ಸಾಲುವಷ್ಟು ಒಂದೇ ಕಡೆ ಜಾಗ ದೊರೆಯದಿದ್ದಾಗ ಹೀಗಾಗುತ್ತದೆ. ವರದಿಯಲ್ಲಿ ಆ ಕಡತಗಳ ಹೆಸರು ಇರುತ್ತದೆ. ಅನಗತ್ಯ ಚಲನಚಿತ್ರ, ವಿಡಿಯೋ ಕಡತಗಳನ್ನು ತೆಗೆದು ಇನ್ನೊಮ್ಮೆ ನಡೆಸಬಹುದು. ಸ್ವಲ್ಪ ಪ್ರಮಾಣದ ಕೆಂಪು ಉಳಿದರೆ ಚಿಂತಿಸಬೇಕಾಗಿಲ್ಲ.

(ಉ) ಡಿಸ್ಕಿನಿಂದ ‘ಟಿಕ್ ಟಿಕ್’ ಶಬ್ದ, ಯಂತ್ರ ಸ್ತಬ್ಧವಾಗುವುದು: ಇದು ಡಿಸ್ಕ್ ಹಾಳಾಗುತ್ತಿರುವ ಲಕ್ಷಣ. ಡಿಫ್ರಾಗ್ಮೆಂಟೇಷನ್ ಅನ್ನು ಖಂಡಿತವಾಗಿಯೂ ನಡೆಸಬಾರದು. ನಡೆಯುತ್ತಿದ್ದರೆ ‘ಸ್ಟಾಪ್’ ಒತ್ತಿ ನಿಲ್ಲಿಸಬೇಕು. ಈ ಕ್ರಿಯೆಯು ಡಿಸ್ಕಿನ ಬಹುಭಾಗವನ್ನು ಓದಿ ಮತ್ತೆ ಬರೆಯುವುದರಿಂದ, ಅಳಿವಿನ ಅಂಚಿನಲ್ಲಿರುವ ಡಿಸ್ಕ್ ಮಧ್ಯದಲ್ಲಿಯೇ ಪೂರ್ಣವಾಗಿ ಕೆಡಬಹುದು. ಮೊದಲು ದಾಖಲೆಗಳನ್ನು ನಕಲಿಸಿಕೊಂಡು, ನಂತರ ಡಿಸ್ಕ್ ಬದಲಾಯಿಸಬೇಕು.

(ಊ) ಪೂರ್ಣಗೊಂಡರೂ ಯಂತ್ರ ನಿಧಾನ: ನೆನಪಿನ ಸಾಮರ್ಥ್ಯದ ಕೊರತೆ, ವೈರಸ್ ಅಥವಾ ಯಂತ್ರ ಆರಂಭವಾಗುವಾಗಲೇ ತೆರೆದುಕೊಳ್ಳುವ ಹಲವು ತಂತ್ರಾಂಶಗಳು ಕಾರಣವಾಗಿರಬಹುದು. ಡಿಫ್ರಾಗ್ಮೆಂಟೇಷನ್‌ನಿಂದ ಅಂತರ್ಜಾಲದ ವೇಗ ಹೆಚ್ಚುವುದಿಲ್ಲ.

ವಿಶೇಷ ಸೂಚನೆ

ಎಸ್.ಎಸ್.ಡಿ. ಅಳವಡಿಸಿರುವ ಯಂತ್ರಗಳಿಗೆ ಡಿಫ್ರಾಗ್ಮೆಂಟೇಷನ್ ಅಗತ್ಯವಿಲ್ಲ. ಅದರಲ್ಲಿ ಸುತ್ತುವ ಭಾಗವಿಲ್ಲ, ಹೆಚ್ಚಿನ ಬರವಣಿಗೆಯಿಂದ ಅದರ ಆಯುಷ್ಯ ಕಡಿಮೆಯಾಗುತ್ತದೆ. ವಿಂಡೋಸ್ ವಿಸ್ಟಾ ಮತ್ತು ನಂತರದ ಆವೃತ್ತಿಗಳು ಹಾರ್ಡ್ ಡಿಸ್ಕಿನ ಜೋಡಣೆಯನ್ನು ನಿಗದಿತ ವೇಳೆಯಲ್ಲಿ ತಾವಾಗಿಯೇ ಮಾಡುತ್ತವೆ.

ಅರ್ಜಿದಾರರ ಗಮನಕ್ಕೆ

ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲವು 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಮುಕ್ತಾಯವಾಗಿದೆ. ಎಕ್ಸ್‌ಪಿಯಲ್ಲಿ ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳು 2016ರಿಂದ ದೊರೆಯುತ್ತಿಲ್ಲ. ಆದ್ದರಿಂದ ಯಂತ್ರವು ವೇಗವಾಗಿದ್ದರೂ ಅರ್ಜಿ ನಮೂನೆಗಳು ತೆರೆಯದೆ ಇರಬಹುದು. ಇಂತಹ ಯಂತ್ರದಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ವಿವರ, ಒ.ಟಿ.ಪಿ. ನಮೂದಿಸುವುದು ಸುರಕ್ಷಿತವಲ್ಲ. ದಾಖಲೆಗಳನ್ನು ಸಿದ್ಧಪಡಿಸಿಕೊಳ್ಳಲು ಮಾತ್ರ ಅದನ್ನು ಬಳಸುವುದು ಸೂಕ್ತ.

ಕೊನೆಯ ದಿನಾಂಕ ಸಮೀಪವಿದ್ದಲ್ಲಿ ಯಂತ್ರದ ದುರಸ್ತಿಗಾಗಿ ಕಾಯದೆ, ಮೂಲ ದಾಖಲೆಗಳೊಂದಿಗೆ ಹೋಬಳಿಯ ನಾಡಕಚೇರಿ ಅಥವಾ ಹತ್ತಿರದ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ, ಅಲ್ಲಿ ದೊರೆಯುವ ಸೇವೆಗಳಿಗೆ ಅರ್ಜಿ ಸಲ್ಲಿಸಬಹುದು. ಸ್ವೀಕೃತಿ ಪತ್ರವನ್ನು ತಪ್ಪದೆ ಪಡೆದುಕೊಳ್ಳತಕ್ಕದ್ದು. ಖಾಸಗಿ ಗಣಕಯಂತ್ರಗಳ ದುರಸ್ತಿಯು ಈ ಕೇಂದ್ರಗಳ ಸೇವೆಗಳಲ್ಲಿ ಸೇರಿರುವುದಿಲ್ಲ.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳುವಂತೆ ಕೋರಲಾಗಿದೆ.